ಘುಣಾಕ್ಷರವೂ ಜೀವಕೋಶದ ಪೊರೆಯೂ

ತಪ್ಪುದಾರಿಯಿಂದ ದೊರೆತ ನಿಜಕ್ಕೆ ಜ್ಞಾನವೆಂಬ ಹೆಸರು ಸಲ್ಲುವುದೇ? ಬೆಟ್ಟದ ಮೇಲಣ ಮಂಜನ್ನು ಹೊಗೆಯೆಂದು ಭ್ರಮಿಸಿ, ಅಲ್ಲಿ ಬೆಂಕಿಯಿದೆಯೆಂದು ಒಬ್ಬನು ಊಹಿಸುತ್ತಾನೆ. ದೈವವಶಾತ್ ಅಲ್ಲಿ ಬೆಂಕಿಯು ಇದ್ದೇ ಇರುತ್ತದೆ. 12ನೆಯ ಶತಮಾನದ ಶ್ರೀಹರ್ಷನು ಖಂಡನಖಂಡಖಾದ್ಯದಲ್ಲಿ ಇಂತಹ ಉದಾಹರಣೆಗಳಿಂದಲೇ ನೈಯಾಯಿಕರ ಪ್ರಮಾಲಕ್ಷಣವನ್ನು ಕೆಣಕಿದನು. ಇದನ್ನು ಒಣಚರ್ಚೆಯೆಂದು ತಳ್ಳುವವರು ಜೀವಕೋಶದ ಪೊರೆಯ ವೃತ್ತಾಂತವನ್ನು ಕೇಳಬೇಕು.

1925ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಗೊರ್ಟರ್ ಮತ್ತು ಗ್ರೆಂಡೆಲ್ ಎಂಬ ವಿದ್ವಾಂಸರು ರಕ್ತದ ಕೆಂಪುಕಣಗಳನ್ನು ಪರೀಕ್ಷೆಗೆ ಆರಿಸಿಕೊಂಡರು. ಸಸ್ತನಿಗಳ ಬಲಿತ ಕೆಂಪುಕಣದೊಳಗೆ ಬೇರೆ ಪೊರೆಗಳಿಲ್ಲ. ಆದಕಾರಣ ಅದರ ಜಿಡ್ಡು ಹೊರಪೊರೆಯದೇ ಎನ್ನಬಹುದು. ಆ ಜಿಡ್ಡನ್ನು ಅಸಿಟೋನಿನಿಂದ ತೆಗೆದು, ತೊಟ್ಟಿಯ ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿ ಅಳೆದರು. ಅದರ ವಿಸ್ತಾರವು ಕಣಗಳ ಮೈವಿಸ್ತಾರಕ್ಕೆ ಸುಮಾರು ಇಮ್ಮಡಿಯಾಯಿತು. ಪೊರೆಯಲ್ಲಿ ಜಿಡ್ಡಿನ ಎರಡು ಪದರಗಳಿವೆಯೆಂದು ಅವರು ನಿರ್ಣಯಿಸಿದರು. ಈ ಜಿಡ್ಡಿನ ಅಣುವಿಗೆ ನೀರನ್ನೊಲಿಯುವ ತಲೆಯೂ ನೀರನ್ನೊಲ್ಲದ ಬಾಲಗಳೂ ಉಂಟು. ಪದರಗಳೆರಡೂ ಬಾಲಕ್ಕೆ ಬಾಲವನ್ನಿಟ್ಟು ನಿಂತರೆ ತಲೆಗಳು ಒಳಗಿನ ಮತ್ತು ಹೊರಗಿನ ನೀರಿಗೆ ಮುಖಮಾಡುತ್ತವೆ.

ನಿರ್ಣಯವು ನಿಜ, ಅಳತೆಗಳು ಎರಡೂ ತಪ್ಪು! ಅಸಿಟೋನು ಜಿಡ್ಡನ್ನು ಪೂರ್ತಿಯಾಗಿ ತೆಗೆದಿರಲಿಲ್ಲ. ಒಣಗಿದ ಕಣಗಳನ್ನು ಅಳೆದುದರಿಂದ ಮೈವಿಸ್ತಾರವೂ ಕಡಿಮೆಯಾಗಿ ಕಂಡಿತು. ಒಂದು ಕೊರತೆಯು ಇನ್ನೊಂದನ್ನು ಸರಿದೂಗಿಸಿಬಿಟ್ಟಿತು.

ಹಾಗಾದರೆ ಇದು ಮರದ ಹುಳು ಕೊರೆದ ಗೆರೆಯು ಅಕ್ಷರವಾದ ಘುಣಾಕ್ಷರನ್ಯಾಯವೇ? ಅಷ್ಟು ಕಠೋರವಾಗಿ ಹೇಳಲಾಗದು. ಹುಳುವು ಬರೆಯಲೆಂದು ಹೊರಟಿರಲಿಲ್ಲ. ಇವರು ಅರಿಯಲೆಂದೇ ಹೊರಟವರು. ಮಂಜನ್ನು ಕಂಡವನ ಪಾಲಿಗೆ ಹೇತುವೇ ಇರಲಿಲ್ಲ. ಇವರ ಹೇತುವು ಇತ್ತು, ಅದರ ಪ್ರಮಾಣವು ಮಾತ್ರ ತಪ್ಪಿತ್ತು. ಆದರೂ ಅಂದೇ ಯಾರಾದರೂ “ಇದನ್ನು ನೀವು ಬಲ್ಲಿರಾ?” ಎಂದು ಕೇಳಿದ್ದರೆ, ಹೌದೆನ್ನಲು ಅವರಿಗೆ ಅಧಿಕಾರವಿರಲಿಲ್ಲವೆಂದೇ ಹೇಳಬೇಕು. ನಿಜವನ್ನು ಆಡುವುದು ಬೇರೆ, ಅದಕ್ಕೆ ಹೊಣೆಯಾಗುವುದು ಬೇರೆ.

ಇಲ್ಲಿಯೇ ಒಂದು ವಿಷಮವಿದೆ. ಜಾಗರೂಕನಾದ ಶಿಷ್ಯನೊಬ್ಬನು ಒಂದು ಅಳತೆಯನ್ನು ಮಾತ್ರ ತಿದ್ದಿದ್ದನೆಂದು ಇಟ್ಟುಕೊಳ್ಳೋಣ. ಎರಡೆಂಬ ಉತ್ತರವು ಕೈತಪ್ಪಿ, ಅವನು ನಿಜವನ್ನೇ ತಿರಸ್ಕರಿಸುತ್ತಿದ್ದನು. ಆದರೂ ಮನ್ನಣೆಯು ಅವನಿಗೂ ಸಲ್ಲತಕ್ಕದ್ದು. ಅರ್ಧ ತಿದ್ದುಪಡಿಯ ಫಲವು ಅವನ ದೋಷವಲ್ಲ.

1966ರಲ್ಲಿ ಬಾರ್, ಡೀಮರ್, ಕಾರ್ನ್‌ವೆಲ್ ಎಂಬವರು ಆ ಪ್ರಯೋಗವನ್ನೇ ಮತ್ತೆ ನಡೆಸಿ, ಎರಡು ಅಳತೆಗಳನ್ನೂ ತಿದ್ದಿದರು. ನೀರಿನ ಮೇಲಣ ಜಿಡ್ಡನ್ನು ಮೆಲ್ಲಗೆ ಒತ್ತಿದಾಗ ಅದು ಎರಡು ಪದರಗಳಿಗೆ ಸಾಕಾಯಿತು. ಬಲವಾಗಿ ಒತ್ತಿದಾಗ ಸಾಲದಾಯಿತು. ಪೊರೆಯು ಬರಿಯ ಜಿಡ್ಡಲ್ಲ. ಪ್ರೋಟೀನುಗಳೂ ಅದರಲ್ಲಿ ನೆಲೆಸಿ ಜಾಗವನ್ನು ಹಿಡಿದಿವೆ. ಹರಿಯುವ ಜಿಡ್ಡಿನಲ್ಲಿ ಅವು ತೇಲುವ ಬಗೆಯನ್ನು ಸಿಂಗರ್ ಮತ್ತು ನಿಕಲ್ಸನ್ 1972ರಲ್ಲಿ ವಿವರಿಸಿದರು.