ನೆಲೆಯ ಹಕ್ಕು, ನೆಲದ ಋಣ

ಒಂದು ನಾಡಿನಲ್ಲಿ ವಾಸಿಸುವ ಹಕ್ಕು ಮಾನವನಿಗೆ ಯಾವುದರಿಂದ ಬರುತ್ತದೆ? ಹುಟ್ಟಿನಿಂದಲೋ, ದುಡಿಮೆಯಿಂದಲೋ, ಅಲ್ಲಿಯ ಜನರ ಒಪ್ಪಿಗೆಯಿಂದಲೋ, ಅಥವಾ ಹಣದಿಂದಲೋ? ಈ ಪ್ರಶ್ನೆಯನ್ನು ನಾವಾಗಿಯೇ ಎತ್ತಿಕೊಂಡುದಲ್ಲ. ಶ್ರೀಮಠದ ಪ್ರಸಾದ ನಿಲಯದಲ್ಲಿದ್ದು ಓದಿ, ಈಗ ದೋಹಾ ನಗರದಲ್ಲಿ ಇಂಜಿನಿಯರರಾಗಿರುವ ಭಕ್ತರೊಬ್ಬರು ಕೆಲವು ತಿಂಗಳ ಹಿಂದೆ ನಮಗೊಂದು ದೀರ್ಘವಾದ ಪತ್ರವನ್ನು ಬರೆದರು. ಅವರು ಕೆಲಸ ಮಾಡುವ ಕಟ್ಟಡಗಳಿಗೆ ಬಾಗಿಲು ಕಿಟಕಿಗಳನ್ನು ಒದಗಿಸುವ ಗುತ್ತಿಗೆದಾರರೊಬ್ಬರು ಟರ್ಕಿ ದೇಶದ ಇಜ್ಮೀರಿನವರು. ಆ ಊರಿನಲ್ಲಿ ಅವರದೊಂದು ಕಾರ್ಖಾನೆಯಿದೆ. ಅವರು 2022ರಲ್ಲಿ ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ ಒಂದು ಮನೆಯನ್ನು ಕೊಂಡು, ಅದರ ಬಲದಿಂದ ತಮಗೂ ತಮ್ಮ ಮಡದಿ ಮಕ್ಕಳಿಗೂ ಅಲ್ಲಿಯ ಶಾಶ್ವತ ನಿವಾಸದ ಪರವಾನಿಗೆಯನ್ನು ಪಡೆದರಂತೆ. "ಪೂಜ್ಯರೆ, ತಾಯ್ನಾಡು ಕಷ್ಟದಲ್ಲಿರುವಾಗ ಹಣವುಳ್ಳವರು ಮಾತ್ರ ತಮಗೊಂದು ಹೊರಬಾಗಿಲನ್ನು ಮಾಡಿಟ್ಟುಕೊಳ್ಳುವುದು ಧರ್ಮವೆ? ಅವರು ಒಳ್ಳೆಯವರು, ಸ್ನೇಹಿತರು. ಆದರೂ ನನ್ನ ಮನಸ್ಸು ಒಪ್ಪಲೊಲ್ಲದು" ಎಂದು ಭಕ್ತರು ಕೇಳಿದ್ದರು.

ಧರ್ಮಾಧರ್ಮಗಳ ನಿರ್ಣಯಕ್ಕೆ ಹೊರಡುವ ಮುನ್ನ ವಸ್ತುಸ್ಥಿತಿಯನ್ನು ತಿಳಿಯಬೇಕು. ಹಣಕಾಸಿನ ಮುಗ್ಗಟ್ಟಿನಲ್ಲಿ ಸಿಲುಕಿದ್ದ ಗ್ರೀಸ್ ದೇಶವು 2013ರಲ್ಲಿ ಒಂದು ಕಾನೂನನ್ನು ಮಾಡಿತು. ಯೂರೋಪ್ ಒಕ್ಕೂಟದ ಹೊರಗಿನವರು 2,50,000 ಯೂರೋ ಬೆಲೆಯ ಸ್ಥಿರಾಸ್ತಿಯನ್ನು ಕೊಂಡರೆ ಅವರಿಗೂ ಅವರ ಕುಟುಂಬಕ್ಕೂ ನಿವಾಸದ ಅನುಮತಿ. ಜನರು ಇದನ್ನು ಗೋಲ್ಡನ್ ವೀಸಾ ಎಂದು ಕರೆಯುತ್ತಾರೆ. ಕೊಳ್ಳುವವರು ಹೆಚ್ಚಿದಂತೆ ಸ್ಥಳೀಯರಿಗೆ ಮನೆಗಳು ದುರ್ಲಭವಾದುವೆಂಬ ಕೂಗೆದ್ದಿತು. 2023ರಲ್ಲಿ ಕೆಲವು ಪ್ರದೇಶಗಳಲ್ಲಿ ಈ ಮೊತ್ತವು ಇಮ್ಮಡಿಯಾಯಿತು. 2024ರಲ್ಲಿ ಅಥೆನ್ಸ್ ಸುತ್ತಲಿನ ಪ್ರಾಂತದಲ್ಲಿಯೂ ದೊಡ್ಡ ದ್ವೀಪಗಳಲ್ಲಿಯೂ 8,00,000 ಯೂರೋಗೆ ಏರಿತು. ಹೀಗೆ ಕೊಂಡ ಮನೆಗಳನ್ನು ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡಕೂಡದೆಂಬ ನಿರ್ಬಂಧವೂ ಬಂದಿತು. ಈ ಪರವಾನಿಗೆಗೆ 'ಶಾಶ್ವತ'ವೆಂಬ ಹೆಸರಿದ್ದರೂ ಅದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಮನೆಯನ್ನು ಮಾರಿದರೆ ಅದೂ ಹೋಯಿತು. ಇನ್ನೊಂದು ವಿಚಿತ್ರವಿದೆ. ಈ ನಿವಾಸದ ಹಕ್ಕನ್ನು ಉಳಿಸಿಕೊಳ್ಳಲು ಅಲ್ಲಿ ಒಂದು ದಿನವೂ ವಾಸಿಸಬೇಕಾಗಿಲ್ಲ. ನಾಗರಿಕತ್ವ ಬೇಕೆಂದರೆ ಮಾತ್ರ ಏಳು ವರ್ಷ ನಿಜವಾಗಿ ಅಲ್ಲಿ ಬಾಳಬೇಕು, ಭಾಷೆಯನ್ನು ಕಲಿಯಬೇಕು, ಪರೀಕ್ಷೆಗೂ ಕೂಡಬೇಕು. ನಿವಾಸವನ್ನು ಮಾರಿದ ರಾಜ್ಯವು ತನ್ನ ಪ್ರಜೆಯಾಗುವ ಯೋಗ್ಯತೆಯನ್ನು ಮಾರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಇನ್ನು ಆ ವರ್ತಕರ ಕಡೆಯಿಂದಲೂ ನೋಡೋಣ. 2018ರ ಆರಂಭದಲ್ಲಿ ಒಂದು ಡಾಲರಿಗೆ 4 ಲಿರಾಗಳಿಗಿಂತ ಕಡಿಮೆ ಇದ್ದ ಟರ್ಕಿಯ ನಾಣ್ಯವು 2025ರ ಮಧ್ಯದ ಹೊತ್ತಿಗೆ 40ಕ್ಕೆ ಇಳಿದಿತ್ತು. 2022ರ ಅಕ್ಟೋಬರಿನಲ್ಲಿ ಬೆಲೆಗಳ ವಾರ್ಷಿಕ ಏರಿಕೆಯು ಸರ್ಕಾರದ ಲೆಕ್ಕದಲ್ಲಿಯೇ ಶೇಕಡಾ 85ನ್ನು ಮೀರಿತ್ತು. 2016ರ ಜುಲೈ ತಿಂಗಳ ಸೈನಿಕ ಬಂಡಾಯವು ವಿಫಲವಾದ ಮೇಲೆ ಒಂದು ಲಕ್ಷಕ್ಕೂ ಮಿಕ್ಕ ಸರ್ಕಾರಿ ನೌಕರರು ತುರ್ತು ಆಜ್ಞೆಗಳಿಂದ ಕೆಲಸ ಕಳೆದುಕೊಂಡರು. 1963ರಲ್ಲಿಯೇ ಅಂಕಾರಾ ಒಪ್ಪಂದಕ್ಕೆ ಸಹಿ ಹಾಕಿ ಯೂರೋಪಿನ ಬಾಗಿಲಲ್ಲಿ ನಿಂತ ದೇಶದ ಪ್ರಜೆಯು ಇಂದಿಗೂ ಒಂದು ವಾರದ ವೀಸಾಕ್ಕಾಗಿ ಸಾಲಿನಲ್ಲಿ ನಿಲ್ಲಬೇಕು. ಇಂಥ ಸ್ಥಿತಿಯಲ್ಲಿ ತನ್ನ ಜೀವಮಾನದ ಗಳಿಕೆಯು ಕರಗುವುದನ್ನು ಕಾಣುತ್ತಿರುವ ತಂದೆಯೊಬ್ಬನು ಮಕ್ಕಳಿಗಾಗಿ ಇನ್ನೊಂದು ನೆಲೆಯನ್ನು ಹುಡುಕಿದರೆ ಅವನನ್ನು ದೇಶದ್ರೋಹಿಯೆಂದು ಜರೆಯಲು ನಮಗೆ ಬಾಯಿ ಬಾರದು. ಭಯವು ಪಾಪವಲ್ಲ. ಗೃಹಸ್ಥನಿಗೆ ಮಕ್ಕಳ ರಕ್ಷಣೆಯೂ ಒಂದು ವ್ರತವೇ.

ಆ ಪತ್ರದಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ ಸಂಗತಿಯೇ ಬೇರೆ. ಆ ವರ್ತಕರ ಅಜ್ಜ ಅಜ್ಜಿಯರು ಕ್ರೀಟ್ ದ್ವೀಪದವರೇ ಆಗಿದ್ದರಂತೆ. 1923ರ ಜನವರಿಯಲ್ಲಿ ಲೊಜಾನ್ ನಗರದಲ್ಲಿ ಗ್ರೀಸ್ ಮತ್ತು ಟರ್ಕಿ ದೇಶಗಳು ಒಂದು ಒಪ್ಪಂದ ಮಾಡಿಕೊಂಡುವು. ಅದರಂತೆ ಗ್ರೀಸಿನ ಸುಮಾರು 4 ಲಕ್ಷ ಮುಸಲ್ಮಾನರು ಟರ್ಕಿಗೆ ಹೋಗಬೇಕಾಯಿತು. ಟರ್ಕಿಯ ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿನ ಪಾಲಾದರು, ಅವರಲ್ಲಿ ಬಹುಮಂದಿ ಯುದ್ಧದ ಬೆಂಕಿಯಿಂದ ಮೊದಲೇ ಓಡಿಬಂದವರು. ಯಾರು ಯಾವ ಕಡೆಗೆಂಬುದನ್ನು ನಿರ್ಧರಿಸಿದ್ದು ಭಾಷೆಯಲ್ಲ, ಮತ. ಗ್ರೀಕ್ ಭಾಷೆಯನ್ನಾಡುತ್ತಿದ್ದ ಕ್ರೀಟಿನ ಮುಸಲ್ಮಾನರು ಟರ್ಕಿಗೆ ಹೋದರು; ತುರ್ಕಿ ಭಾಷೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಕ್ರೈಸ್ತರು ಗ್ರೀಸಿಗೆ ಬಂದರು. ಅವರಲ್ಲಿ ಯಾರನ್ನೂ ಯಾರೂ ಕೇಳಲಿಲ್ಲ. ತಲೆಮಾರುಗಳಿಂದ ಬದುಕಿದ ನೆಲೆಯು ಒಂದು ಸಹಿಯಿಂದ ಅಳಿಯಿತು. ನೂರು ವರ್ಷಗಳಾದ ಮೇಲೆ ಮೊಮ್ಮಗನು ಅದೇ ದ್ವೀಪದಲ್ಲಿ ಎರಡೂವರೆ ಲಕ್ಷ ಯೂರೋ ಎಣಿಸಿ ನೆಲೆಯನ್ನು ಕೊಂಡನು. ಅಜ್ಜನಿಗೆ ಬಾಳಿನಿಂದ ದಕ್ಕದೆ ಹೋದುದು ಮೊಮ್ಮಗನಿಗೆ ಬೆಲೆಯಿಂದ ದಕ್ಕಿತು. ಇದನ್ನು ನ್ಯಾಯವೆನ್ನೋಣವೆ, ವಿಡಂಬನೆಯೆನ್ನೋಣವೆ?

ಈ ವ್ಯಾಪಾರದಲ್ಲಿ ಟರ್ಕಿಯೂ ಕೇವಲ ಗಿರಾಕಿಯಲ್ಲ, ಅಂಗಡಿಯಿಟ್ಟ ವರ್ತಕನೂ ಹೌದು. 2017ರಿಂದ ಅದು ತನ್ನ ನಾಗರಿಕತ್ವವನ್ನೇ ಹೂಡಿಕೆಗೆ ಪ್ರತಿಯಾಗಿ ಕೊಡತೊಡಗಿತು. ಸ್ಥಿರಾಸ್ತಿಯ ಮಿತಿಯು ಮೊದಲು 10 ಲಕ್ಷ ಡಾಲರ್, 2018ರಲ್ಲಿ 2,50,000, 2022ರಲ್ಲಿ 4,00,000. ಹೊರಗಿನವರು ಬಂದು ಮನೆ ಕೊಂಡುದರಿಂದ ತನಗೆ ಬಾಡಿಗೆ ಕೊಡಲಾಗದಂತಾಯಿತೆಂದು ಇಸ್ತಾಂಬುಲಿನ ಗುಮಾಸ್ತನು ಗೊಣಗುತ್ತಾನೆ. ಅದೇ ನಗರದ ಧನಿಕನು ಅಥೆನ್ಸಿಗೆ ಹೋಗಿ ಮನೆ ಕೊಂಡಾಗ ಅಲ್ಲಿಯ ಗುಮಾಸ್ತನೂ ಅದನ್ನೇ ಗೊಣಗುತ್ತಾನೆ. ಈ ಇಬ್ಬರು ಗುಮಾಸ್ತರು ಒಬ್ಬರನ್ನೊಬ್ಬರು ಕಂಡವರಲ್ಲ. ಕಂಡಿದ್ದರೆ ತಮ್ಮ ಎರಡೂ ಸರ್ಕಾರಗಳಿಗಿಂತ ಬೇಗನೆ ಪರಸ್ಪರ ಅರ್ಥಮಾಡಿಕೊಳ್ಳುತ್ತಿದ್ದರೇನೋ!

ಹಣವಿಲ್ಲದವನ ದಾರಿ ಯಾವುದು? ಬೋದ್ರುಮ್ ಕಡಲದಂಡೆಯಿಂದ ಗ್ರೀಸಿನ ಕೋಸ್ ದ್ವೀಪವು ಕಣ್ಣಿಗೆ ಕಾಣುವಷ್ಟು ಹತ್ತಿರ. 2015ರ ಸೆಪ್ಟೆಂಬರಿನಲ್ಲಿ ಆ ದ್ವೀಪಕ್ಕೆ ಹೊರಟ ಸಣ್ಣ ದೋಣಿಯೊಂದು ಮಗುಚಿ, ಸಿರಿಯಾ ದೇಶದ ನಿರಾಶ್ರಿತ ಕುಟುಂಬವೊಂದರ ಹಸುಗೂಸಿನ ದೇಹವು ಟರ್ಕಿಯ ಮರಳದಂಡೆಯಲ್ಲಿ ಮುಖ ಕೆಳಗಾಗಿ ಬಿದ್ದಿದ್ದ ಚಿತ್ರವನ್ನು ಲೋಕವೆಲ್ಲ ನೋಡಿತು. ಕಡಲು ಒಂದೇ. ಪರವಾನಿಗೆಯುಳ್ಳವನು ಹಡಗಿನ ಮೇಲೆ ಚಹಾ ಕುಡಿಯುತ್ತ ದಾಟುತ್ತಾನೆ.

ನೆಲೆ ದೊರಕುವ ಇನ್ನೊಂದು ಬಗೆಯನ್ನು ಇತಿಹಾಸವೂ ಪರಂಪರೆಯೂ ಬಲ್ಲವು. ಟರ್ಕಿಯ ಕೊನ್ಯಾ ನಗರದಲ್ಲಿ ಮೌಲಾನಾ ಜಲಾಲುದ್ದೀನ್ ರೂಮಿಯವರ ಸಮಾಧಿಯಿದೆ. 1207ರಲ್ಲಿ ಹುಟ್ಟಿದ ಅವರು ದೂರದ ಬಾಲ್ಖ್ ಸೀಮೆಯಿಂದ ತಂದೆಯೊಡನೆ ಅಲೆದು ಬಂದ ವಲಸಿಗರು. ರೂಮ್ ಎಂಬುದು ಅಂದು ಆ ನಾಡಿನ ಹೆಸರು. ಸೇರಿದ ನೆಲವು ಅವರ ಹೆಸರೇ ಆಯಿತು. ನಮ್ಮ ಕಲ್ಯಾಣಕ್ಕೂ ಹೊರಗಿನವರು ಬಂದರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದರೆಂದು ಪರಂಪರೆಯು ಹೇಳುತ್ತದೆ. ಬೊಕ್ಕಸವನ್ನು ಹೊತ್ತು ತಂದು ಕಲ್ಯಾಣದಲ್ಲಿ ಮಹಾಮನೆಯೊಂದನ್ನು ಕೊಳ್ಳುವುದು ಅವರಿಗೆ ಕಷ್ಟವಾಗಿರಲಿಲ್ಲ. ಅವರು ರಾಜ್ಯವನ್ನು ಬಿಟ್ಟು ಬಂದು, ಕಾಡಿನಲ್ಲಿ ಸೌದೆ ಕಡಿದು, ಹೊರೆಯನ್ನು ಮಾರಿ, ಬಂದುದರಲ್ಲಿ ದಾಸೋಹ ನಡೆಸಿದರು. ಅವರ ನಿವಾಸದ ಪರವಾನಿಗೆ ತಲೆಯ ಮೇಲಿನ ಸೌದೆಯ ಹೊರೆಯೇ ಆಗಿತ್ತು. ಹೀಗೆ ಹೇಳುವಾಗ ನಮಗೆ ಸ್ವಲ್ಪ ಸಂಕೋಚವೂ ಆಗುತ್ತದೆ. ಹಣ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ, ಉತ್ಸವದಲ್ಲಿ ಮುಂದಿನ ಸಾಲಿನಲ್ಲಿ ಅವರನ್ನು ಕೂಡಿಸುವ ಮಠಗಳು ಗ್ರೀಸ್ ಸರ್ಕಾರಕ್ಕೆ ಯಾವ ಮುಖದಿಂದ ಉಪದೇಶ ಮಾಡಬೇಕು?

ಭಕ್ತರಿಗೆ ನಾವು ಬರೆದ ಉತ್ತರದ ಸಾರವಿಷ್ಟು: ನಿಮ್ಮ ಸ್ನೇಹಿತರು ಬಾಗಿಲು ಮಾಡಿಟ್ಟುಕೊಂಡುದು ತಪ್ಪಲ್ಲ. ಆದರೆ ಹಣವು ಹಕ್ಕನ್ನು ಕೊಡಿಸಬಲ್ಲುದೇ ಹೊರತು ಋಣವನ್ನು ತೀರಿಸಲಾರದು. ಅವರ ತಲೆಯ ಮೇಲೆ ಎರಡು ನೆಲಗಳ ಋಣವಿದೆ. ಇಜ್ಮೀರಿನ ಕಾರ್ಖಾನೆಯಲ್ಲಿ ಅವರಿಗಾಗಿ ದುಡಿದವರಿಗೆ ಹೊರಬಾಗಿಲಿಲ್ಲ. ಲಿರಾ ಇಳಿದಾಗ ಅವರ ಕೂಲಿಯನ್ನು ಏರಿಸಿದರೋ ಇಲ್ಲವೋ ಎಂಬುದನ್ನು ಮೊದಲು ಕೇಳಿರಿ. ಇನ್ನು ಕ್ರೀಟಿನ ಆ ಮನೆ. ಅದು ಮೂರು ವರ್ಷಗಳಿಂದ ಬೀಗ ಹಾಕಿಕೊಂಡು ನಿಂತಿದೆಯೆಂದು ಬರೆದಿದ್ದೀರಿ. ಕಾನೂನಿನ ದೃಷ್ಟಿಯಲ್ಲಿ ಅವರು ಅಲ್ಲಿಯ ನಿವಾಸಿ. ನೆರೆಯವರ ದೃಷ್ಟಿಯಲ್ಲಿ ಒಂದು ಬೀಗ. ಕಾಯಕವಿಲ್ಲದೆ ದಾಸೋಹವಿಲ್ಲದೆ ಹಿಡಿದಿಟ್ಟುಕೊಂಡ ನೆಲೆಯನ್ನು ಶರಣರು ಏನೆಂದು ಕರೆಯುತ್ತಿದ್ದರೆಂಬುದನ್ನು ನಿಲಯದಲ್ಲಿ ಓದಿದ ನಿಮಗೆ ನಾವು ಹೇಳಬೇಕಾಗಿಲ್ಲ. ದೋಷವಿದ್ದರೆ ಅದು ಹೋಗುವುದರಲ್ಲಿಲ್ಲ. ಹೋಗದೆಯೂ ಇರದೆಯೂ ಎರಡು ಕಡೆಯ ಸ್ಥಳವನ್ನು ಹಿಡಿದಿರುವುದರಲ್ಲಿದೆ.

ಈ ಉತ್ತರವನ್ನು ಭಕ್ತರು ಪೂರ್ತಿಯಾಗಿ ಒಪ್ಪಲಿಲ್ಲ. "ತಾವು ಹೇಳುವುದು ಸರಿ. ಆದರೆ ಮಕ್ಕಳ ಮುಖ ನೋಡಿದಾಗ ನಾನೂ ಅದನ್ನೇ ಮಾಡುತ್ತಿದ್ದೆನೇನೋ" ಎಂದು ಪ್ರಾಮಾಣಿಕವಾಗಿ ಬರೆದರು. ಆ ಪ್ರಾಮಾಣಿಕತೆ ನಮಗೆ ಹಿಡಿಸಿತು. ಕಳೆದ ತಿಂಗಳು ಮತ್ತೊಂದು ಪತ್ರ ಬಂದಿದೆ. ಅವರಿಬ್ಬರ ನಡುವೆ ಈ ವಿಷಯವಾಗಿ ಒಂದು ರಾತ್ರಿ ಬಹಳ ಹೊತ್ತು ಮಾತಾಯಿತಂತೆ. ಕಾರ್ಖಾನೆಯ ಕೂಲಿಯ ಪ್ರಶ್ನೆಗೆ ವರ್ತಕರು ಉತ್ತರ ಕೊಡಲಿಲ್ಲವಂತೆ. ಆದರೆ ಆ ದ್ವೀಪದ ಶಾಲೆಗೆ ವರ್ಗವಾಗಿ ಬಂದು, ಇರಲು ಮನೆ ಸಿಗದೆ ಪರದಾಡುತ್ತಿದ್ದ ಉಪಾಧ್ಯಾಯಿನಿಯೊಬ್ಬರಿಗೆ ಮನೆಯ ಬೀಗದ ಕೈಯನ್ನು ಕೊಟ್ಟಿದ್ದಾರಂತೆ. ಬಾಡಿಗೆ ಎಷ್ಟೆಂಬುದನ್ನು ಭಕ್ತರು ಬರೆದಿಲ್ಲ, ನಾವೂ ಕೇಳಿಲ್ಲ.