ತಂಬಿಟ್ಟಿನ ಋಣ



ವಕ್ಕಲೇರಿ ಕಡೆಯ ಒಂದು ಮನೆಗೆ ಹೋಗಿದ್ದಾಗ ಆ ಮನೆಯ ತಾಯಿ ಮಗಳೊಂದಿಗೆ ಫೋನಿನಲ್ಲಿ ಮಾತನಾಡುತ್ತಿದ್ದರು. ಮಗಳು ಐರ್ಲೆಂಡಿನಲ್ಲಿ ನರ್ಸ್. ತನ್ನ ಮಕ್ಕಳಿಗೆ ತಂಬಿಟ್ಟು ಮಾಡಿಕೊಡಲು ಹೊರಟು ಸೋತಿದ್ದಳು. ಕೋಲಾರದ ಕಡೆಯವರಿಗೆ ತಂಬಿಟ್ಟು ದೊಡ್ಡ ಅಡುಗೆಯೇನಲ್ಲ. ಹುರಿಗಡಲೆ ಹಿಟ್ಟು, ಹುರಿದ ಕಡಲೆಕಾಯಿ ಬೀಜ, ಕೊಬ್ಬರಿ, ಎಳ್ಳು; ಬಿಸಿನೀರಿನಲ್ಲಿ ಕರಗಿಸಿದ ಬೆಲ್ಲ. ಕಲಸಿ ಉಂಡೆ ಕಟ್ಟಿದರೆ ಮುಗಿಯಿತು, ಬೇಯಿಸುವ ಕೆಲಸವೇ ಇಲ್ಲ.

"ಬೆಲ್ಲದ ಬದಲು ಕಂದು ಸಕ್ಕರೆ ಹಾಕ್ದೆ ಅಮ್ಮ, ಉಂಡೆ ನಿಲ್ತಾನೇ ಇಲ್ಲ" ಎಂದಳು ಮಗಳು. "ಇಂಡಿಯಾ ಅಂಗಡೀಲಿ ಬೆಲ್ಲ ಸಿಗುತ್ತೆ ನೋಡು, ನೀರು ಕಮ್ಮಿ ಹಾಕು" ಎಂದರು ತಾಯಿ. ಮುಂದಿನ ವಾರ ಉಂಡೆ ನಿಂತಿತು. ಆದರೆ "ನೀನು ಮಾಡ್ತಿದ್ದ ರುಚಿ ಬರಲಿಲ್ಲ" ಎಂಬ ದೂರು ಹಾಗೆಯೇ ಉಳಿಯಿತು.

ಆಗ ಆ ತಾಯಿ ನನಗೆ ಒಂದು ಮಾತು ಹೇಳಿದರು. ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. "ಆವಾಗ ಮನೇಲಿ ಬೆಲ್ಲ ಇರ್ತಿದ್ದದ್ದೇ ಒಂದು ಹಿಡಿ ಫಾದರ್. ಮೂರು ಮಕ್ಕಳಿಗೆ ಮೂರು ಉಂಡೆ. ನೀನೂ ತಿನ್ನಮ್ಮ ಅಂದ್ರೆ, ನಂಗೆ ಸಿಹಿ ಸೇರಲ್ಲ ಅಂತಿದ್ದೆ. ಸುಳ್ಳು ಹೇಳಿದ್ದು ಪಾಪಾನಾ?"

ಯಾವ ಸುಳ್ಳೂ ಸರಿಯಲ್ಲ ಎಂದು ಸಂತ ಅಗಸ್ಟೀನರು ಬರೆದದ್ದನ್ನು ಗುರುಮಠದಲ್ಲಿ ಓದಿದ್ದೆ. ಆ ಕ್ಷಣ ನನಗೆ ಬಾಯಿ ಬರಲಿಲ್ಲ. "ಮಗಳಿಗೆ ನಿಜ ಹೇಳಿಬಿಡಿ" ಎಂದಷ್ಟೇ ಹೇಳಿ ಬಂದೆ.

ಯಾಕೆ ಹಾಗೆಂದೆ? ನಮ್ಮ ನೆನಪು ಸಿಹಿಯನ್ನು ಇಟ್ಟುಕೊಂಡು ಅದರ ಬೆಲೆಯನ್ನು ಮರೆತುಬಿಡುತ್ತದೆ. ಮೋಶೆಯೊಂದಿಗೆ ಅರಣ್ಯದಲ್ಲಿ ನಡೆದ ಇಸ್ರಯೇಲರನ್ನು ನೋಡಿ. ಈಜಿಪ್ಟಿನ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ಎಂದು ಕಣ್ಣೀರಿಟ್ಟರು. ಅಲ್ಲಿ ತಿಂದ ಚಾಟಿಯೇಟು ಮಾತ್ರ ನೆನಪಿಗೆ ಬರಲಿಲ್ಲ. ನಾವೂ ಹಾಗೆಯೇ. "ನಮ್ಮ ಕಾಲದ ತಿಂಡಿ ಎಷ್ಟು ಚೆನ್ನಾಗಿತ್ತು" ಎನ್ನುತ್ತೇವೆ. ಅದನ್ನು ಕಟ್ಟಿದವರು ತಿಂದರೋ ಇಲ್ಲವೋ ಎಂದು ಕೇಳುವುದಿಲ್ಲ.

ಆ ಜನಾಂಗವೇ ಮುಂದೆ ಇನ್ನೊಂದು ಬಗೆಯ ನೆನಪನ್ನು ಕಲಿಯಿತು. ಯೆಹೂದ್ಯರ ಪಾಸ್ಖ ಹಬ್ಬದ ಊಟದಲ್ಲಿ ಹರೋಸೆತ್ ಎಂಬ ಸಿಹಿ ಇರುತ್ತದೆ. ಹಣ್ಣು, ಬೀಜಗಳನ್ನು ಅರೆದು ಮಾಡುವ ಕಂದು ಬಣ್ಣದ ಕಲಸು. ಗುಲಾಮರಾಗಿ ಇಟ್ಟಿಗೆ ಕಟ್ಟುವಾಗ ತುಳಿದ ಜೇಡಿಮಣ್ಣಿನ ನೆನಪು ಅದು. ದೇಶ ಬಿಟ್ಟು ಹೋದವರು ಯೂರೋಪಿನಲ್ಲಿ ಅದನ್ನು ಸೇಬಿನಿಂದ ಮಾಡಿದರು, ಇರಾಕಿನಲ್ಲಿ ಖರ್ಜೂರದಿಂದ. ಸಾಮಗ್ರಿ ಬದಲಾಯಿತು, ರುಚಿಯೂ ಬದಲಾಯಿತು. ಮಕ್ಕಳ ಮುಂದೆ ಕಷ್ಟದ ಕಥೆ ಹೇಳುವುದನ್ನು ಮಾತ್ರ ಬಿಡಲಿಲ್ಲ. ಆದ್ದರಿಂದ ಅದು ಇಂದಿಗೂ ಅದೇ ಸಿಹಿ.

ತಂಬಿಟ್ಟಿನ ಮಾತೂ ಇಷ್ಟೇ. ಕಂದು ಸಕ್ಕರೆ ಹಾಕಿದರೂ ಅದು ತಂಬಿಟ್ಟಾಗಬಹುದು. ಕಟ್ಟಿದ ಕೈಯ ಕಥೆ ಬಿಟ್ಟುಹೋದರೆ ಮಂಡ್ಯದ ಬೆಲ್ಲವೇ ಇದ್ದರೂ ಅದು ಬರೀ ಹಿಟ್ಟಿನ ಉಂಡೆ.

ಕಳೆದ ಕ್ರಿಸ್ಮಸ್ಸಿಗೆ ಮಗಳು ಊರಿಗೆ ಬಂದಳು. ನಿಜ ಗೊತ್ತಾಗಿತ್ತು. ತಾನೇ ತಂಬಿಟ್ಟು ಕಟ್ಟಿ ಮೊದಲ ಉಂಡೆಯನ್ನು ತಾಯಿಯ ಕೈಗಿಟ್ಟಳು. ತಾಯಿಗೆ ಈಗ ಸಕ್ಕರೆ ಕಾಯಿಲೆ. ಒಂದು ಚೂರು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಮೊಮ್ಮಗಳಿಗೆ ಕೊಟ್ಟರು. ಈ ಸಲ ಸುಳ್ಳು ಹೇಳಲಿಲ್ಲ. "ನಂಗೂ ಬಲು ಇಷ್ಟ ಕಣಮ್ಮ, ಡಾಕ್ಟ್ರು ಬೇಡ ಅಂದವ್ರೆ" ಎಂದರು.

ಕೆಲವು ಋಣಗಳು ಹೀಗೆಯೇ. ತೀರಿಸಲು ಹೋಗುವಷ್ಟರಲ್ಲಿ ಕಾಲ ಮೀರಿರುತ್ತದೆ. ಕೊಟ್ಟವರಿಗೆ ಹಿಂತಿರುಗಿಸಲು ಆಗದಿದ್ದರೂ ಕೊಟ್ಟದ್ದನ್ನು ಮುಂದಿನವರಿಗೆ ಹೇಳಬಹುದು. ಇತಿಹಾಸ ಓದಿದವರಿಗೆ ವಕ್ಕಲೇರಿ ಎಂದರೆ ತಾಮ್ರಶಾಸನ. ಚಾಲುಕ್ಯ ದೊರೆ ಎರಡನೆಯ ಕೀರ್ತಿವರ್ಮ ಕ್ರಿ.ಶ. 757ರಲ್ಲಿ ತಾನು ಕೊಟ್ಟ ದಾನವನ್ನು ಅದರಲ್ಲಿ ಕೊರೆಸಿದ. ನಮ್ಮ ತಾಯಂದಿರ ದಾನಕ್ಕೆ ತಾಮ್ರಪಟವಿಲ್ಲ. ನಮ್ಮ ನಾಲಿಗೆಯೇ ಅದಕ್ಕೆ ಶಾಸನ.

ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದಾಗ ನಿಮ್ಮ ತಾಯಿಯನ್ನು ಒಂದು ಮಾತು ಕೇಳಿ: "ಅಮ್ಮ, ಆವಾಗ ನೀನು ತಿಂದಿದ್ದೆಯಾ?"