ತೊದಲ್ನುಡಿಗೆ ಕಿವಿಗೊಡುವುದು

ವಚನವೆಂದರೆ ಆಡಿದ ನುಡಿ. ಕೊಟ್ಟ ಭಾಷೆಯೂ ಅದೇ. ಏಕಾಂತದ ರಾಮಯ್ಯನವರ ಆಳಂದವಾಗಲಿ, ಷಣ್ಮುಖ ಶಿವಯೋಗಿಗಳ ಜೇವರ್ಗಿಯಾಗಲಿ, ಭೀಮಾತೀರದ ಅಫಜಲಪುರವಾಗಲಿ, ಎಲ್ಲಿಯೂ ನುಡಿಯ ಮೊದಲ ಪಾಠಶಾಲೆ ಮನೆಯೇ.

ಮಗು ತಪ್ಪಿ ನುಡಿದಾಗ ನಾವು ತಿದ್ದುವುದು ಅದರ ಮೇಲಣ ಮಮತೆಯಿಂದಲೋ, ನಮ್ಮ ಮಾನದ ಚಿಂತೆಯಿಂದಲೋ? ಸದ್ಭಕ್ತರು ಇದನ್ನು ವಿಚಾರಿಸತಕ್ಕದ್ದು. ಬಂಧುಗಳೆದುರು ಉಗ್ಗುವ ಕಂದನನ್ನು ಗದರಿದರೆ ಉಗ್ಗು ಹೋಗದು. ಕಂದನು ಮಾತನಾಡಲೇ ಅಂಜುವನು. ಅವನ ಮಾತು ಮುಗಿಯುವವರೆಗೆ ಕಾಯಬೇಕು. ಎಳೆಯ ಮಗು 'ಒಟ್ಟಿ' ಎಂದರೆ ನಗದೆ, 'ಹೌದು, ಬಿಸಿ ರೊಟ್ಟಿ' ಎಂದು ಸರಿಯಾದ ನುಡಿಯನ್ನು ಕೇಳಿಸಬೇಕು. ರೊಟ್ಟಿ ಬಡಿಯುವಾಗ, ದನಕ್ಕೆ ಮೇವು ಹಾಕುವಾಗ, ಕೈಯ ಕೆಲಸವನ್ನೇ ಮಾತಾಗಿಸಿ ಹೇಳುತ್ತಿರಬೇಕು. ನಮ್ಮ ಸೀಮೆಯ ಆಡುನುಡಿ ದೋಷವಲ್ಲ. ಮನೆಯಲ್ಲಿ ಮರಾಠಿ, ಉರ್ದು ಬೆರೆತರೂ ಕೇಡಿಲ್ಲ.

ಆದರೆ ಎರಡು ವರ್ಷ ತುಂಬಿಯೂ ಎರಡು ಪದಗಳನ್ನು ಜೋಡಿಸದ ಮಗುವನ್ನು ವೈದ್ಯರಿಗೆ ತೋರಿಸಿ, ಕಿವಿಯನ್ನು ಪರೀಕ್ಷೆ ಮಾಡಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಿಂದ ಇಂಥ ಸೇವೆಯಲ್ಲಿದೆ. ಪೂರ್ವಕರ್ಮವೆಂದು ಸುಮ್ಮನೆ ಕುಳಿತರೆ, ಕಲಿಯುವ ಎಳೆತನವೇ ಕಳೆದುಹೋಗುವುದು.

ಹಸಿದವನಿಗೆ ಅನ್ನವಿಕ್ಕುವುದು ದಾಸೋಹ. ತೊದಲುವ ಕಂದನಿಗೆ ಬೇಸರಿಸದೆ ಕಿವಿಗೊಡುವುದೂ ದಾಸೋಹವೇ.